ಹಳೇ ಸ್ವಿಫ್ಟ್: ಹೆಡ್‌ಲೈಟ್ ಮಂಕು, 80 ದಾಟಿದರೆ ಸ್ಟೇರಿಂಗ್ ನಡುಕ. ಮನೆಯಲ್ಲೇ ಎಷ್ಟು ಮಾಡಬಹುದು?

ತೀರ್ಥಹಳ್ಳಿ ಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. 2014ರ ಪೆಟ್ರೋಲ್ ಸ್ವಿಫ್ಟ್ ವಿಎಕ್ಸ್‌ಐ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಎಂಜಿನ್ ಗಟ್ಟಿಯಿದೆ, ಕ್ಲಚ್ ಚೆನ್ನಾಗಿದೆ. ಆದರೆ ಹಿಂದಿನ ಓನರ್ ಶೋಕಿ ಮನುಷ್ಯ. 15 ಇಂಚಿನ ಅಲಾಯ್ ಹಾಕಿಸಿದ್ದಾರೆ, ಅದಕ್ಕೆ 195/60 ಟೈರು. ಹೆಡ್‌ಲೈಟ್‌ಗೆ 100/90 ವ್ಯಾಟ್ ಬಲ್ಬು. ಡಿಕ್ಕಿಯಲ್ಲಿ ಸಬ್‌ವೂಫರ್ ಇತ್ತಂತೆ, ಅದನ್ನು ಬಿಚ್ಚಿಕೊಂಡು ವೈರ್ ಮಾತ್ರ ನನಗೆ ಬಿಟ್ಟಿದ್ದಾರೆ.

ಸಮಸ್ಯೆ ಎರಡು. ಒಂದು, 80ರಿಂದ 90ರ ನಡುವೆ ಸ್ಟೇರಿಂಗ್ ನಡುಗುತ್ತದೆ. 100 ದಾಟಿದರೆ ಕಮ್ಮಿಯಾಗುತ್ತದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸಿದೆ. ಟೈರ್ ಅಂಗಡಿಯವರು "ರೋಡೇ ಸರಿ ಇಲ್ಲ ಸಾರ್" ಅಂದುಬಿಟ್ಟರು. ಎರಡು, 100 ವ್ಯಾಟ್ ಬಲ್ಬ್ ಇದ್ದರೂ ಬೆಳಕು ಸಾಲುವುದಿಲ್ಲ. ಕೆಲಸದ ಮೇಲೆ ಆಗಾಗ ರಾತ್ರಿ ಹೊತ್ತು ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿನ ಮಂಜು ಗೊತ್ತಲ್ವಾ, ರಸ್ತೆ ಅಂಚಿನ ಬಿಳಿ ಗೆರೆಯೂ ಕಾಣುವುದಿಲ್ಲ.

ಬೈಕ್ ಸರ್ವಿಸ್ ನಾನೇ ಮಾಡಿಕೊಳ್ಳುತ್ತೇನೆ, ಪಾನಾ ಹಿಡಿಯುವ ಅಭ್ಯಾಸ ಇದೆ. ಮನೆ ಅಂಗಳದಲ್ಲಿ ಜಾಗವೂ ಇದೆ. ಎಲ್‌ಇಡಿ ಹಾಕಲಾ? ಟೈರ್ ಬದಲಾಯಿಸಲಾ? ಯಾವುದು ಮೊದಲು ಹೇಳಿ. ಸ್ಪೀಕರ್ ಕೂಡ ಹಾಕಬೇಕು ಅಂತ ಆಸೆ, ಅದು ಕೊನೆಗೆ.

ಬಂಪರ್ ಬೆಂಗಳೂರು
ಎಲ್‌ಇಡಿ ಹಾಕಿ ಗುರು. ಆನ್‌ಲೈನ್‌ನಲ್ಲಿ ಜೋಡಿ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಹಗಲಿನ ಥರ ಬೆಳಕು.

ರಾತ್ರಿ ಪಾಳಿ
ಹೌದು, ನಿಮಗೆ ಹಗಲು. ಎದುರಿಗೆ ಬರುವವನಿಗೆ ಅಮಾವಾಸ್ಯೆ.

ಗ್ಯಾರೇಜ್ ಮೇಷ್ಟ್ರು
ಬಂಪರ್ ಅವರೇ, ಸ್ವಲ್ಪ ತಡೆಯಿರಿ. ಆ ಕಾರಿನ ರಿಫ್ಲೆಕ್ಟರ್ ಮಾಡಿರುವುದು ಎಚ್4 ಹ್ಯಾಲೊಜೆನ್ ಬಲ್ಬಿನ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಲೆಕ್ಕ ಹಾಕಿ. ಡಿಮ್‌ನಲ್ಲಿ ಆ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇರುತ್ತದೆ, ಅದು ಮೇಲಕ್ಕೆ ಹೋಗುವ ಬೆಳಕನ್ನು ಕತ್ತರಿಸುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಬೆಳಕು ಕೊಡುವ ಚಿಪ್ ಬೇರೆ ಜಾಗದಲ್ಲಿ, ಬೇರೆ ಆಕಾರದಲ್ಲಿ ಇರುತ್ತದೆ. ಬೆಳಕು ಚೆಲ್ಲಾಪಿಲ್ಲಿ. ಬಾನೆಟ್ ಮುಂದಿನ ಹತ್ತು ಅಡಿ ಬೆಳ್ಳಗೆ ಕಾಣುತ್ತದೆ, ಅದಕ್ಕೇ ಜಾಸ್ತಿ ಬೆಳಕು ಅನ್ನಿಸುತ್ತದೆ. ದೂರಕ್ಕೆ ಏನೂ ಹೋಗುವುದಿಲ್ಲ. ಮಂಜಿನಲ್ಲಿ ಅಂತೂ ಕಣ್ಣಿಗೇ ವಾಪಸ್ ಹೊಡೆಯುತ್ತದೆ.

ತೀರ್ಥಹಳ್ಳಿಯವರೇ, ಎಲ್‌ಇಡಿ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಹೆಡ್‌ಲೈಟ್ ಹಿಂದಿನ ರಬ್ಬರ್ ಮುಚ್ಚಳ ತೆಗೆದು ಬಲ್ಬಿನ ಕಪ್ಲರ್, ಅಂದರೆ ವೈರ್ ಬಂದು ಬಲ್ಬಿಗೆ ಸೇರುವ ಪ್ಲಾಸ್ಟಿಕ್ ಪ್ಲಗ್, ನೋಡಿ. ಬಣ್ಣ ಹೇಗಿದೆ ಹೇಳಿ.

ಹುಬ್ಬಳ್ಳಿ ಪಾನಾ
ಅಲ್ರೀ, 2024ರ ಜುಲೈ ಆದ ಮೇಲೆ ನಮ್ಮ ರಾಜ್ಯದಾಗ ಪೊಲೀಸರು ಕಣ್ಣು ಕುಕ್ಕೋ ಲೈಟಿಗೆ ಕೇಸ್ ಹಾಕ್ತಾರ ಅನ್ನೋದು ಮರೆತ್ರೇನು? ಹೈವೇನಾಗ ನಿಲ್ಲಿಸಿ ದಂಡ ಕಟ್ಟಿಸಿಕೊಳ್ತಾರ ನೋಡ್ರಿ.

ಬಂಪರ್ ಬೆಂಗಳೂರು
ಸಾವಿರಾರು ಕಾರಲ್ಲಿ ಎಲ್‌ಇಡಿ ಇದೆ. ಎಲ್ಲರನ್ನೂ ಹಿಡಿಯುತ್ತಾರಾ?

ಆರ್‌ಟಿಒ ಅಲೆದವನು
ಹಿಡಿಯುವುದು ಬಿಡುವುದು ಬೇರೆ ಮಾತು. ಕಾನೂನು ಏನು ಅಂತ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಅಂತ ಸೇರಿಸಿದರು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದೊಂದಕ್ಕೆ ಅನ್ನುವುದನ್ನು ಗಮನಿಸಿ. ಬಣ್ಣ ಬದಲಾಯಿಸಿದರೆ, ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ಎಂಟ್ರಿ ಮಾಡಿಸಬೇಕು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿದ್ದರೆ ತೆಗೆಸಿ, ಅದಕ್ಕೆ 2017ರಿಂದಲೇ ನಿಷೇಧ.

ಟೈರ್ ವಿಷಯದಲ್ಲಿ ಅಷ್ಟು ಹೆದರಬೇಕಿಲ್ಲ. ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿ ಕೊಡುವ ಸೈಜಿನಲ್ಲಿ ಇದ್ದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ.

ತೀರ್ಥಹಳ್ಳಿ ಸ್ವಿಫ್ಟ್
ಮೇಷ್ಟ್ರೇ, ಕಪ್ಲರ್ ನೋಡಿದೆ. ಎಡಗಡೆಯದು ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿದೆ. ಮುಟ್ಟಿದರೆ ಪುಡಿಪುಡಿ ಉದುರುತ್ತದೆ. ಬಲಗಡೆಯದು ಪರವಾಗಿಲ್ಲ. ಹೆಡ್‌ಲೈಟ್ ಗ್ಲಾಸ್ ಕೂಡ ಹಳದಿ ಆಗಿದೆ.

ಗ್ಯಾರೇಜ್ ಮೇಷ್ಟ್ರು
ನಿರೀಕ್ಷೆ ಮಾಡಿದ್ದೇ. ಲೆಕ್ಕ ನೋಡಿ. ಕಂಪನಿ ಬಲ್ಬ್ 60/55 ವ್ಯಾಟ್. 12 ವೋಲ್ಟ್‌ಗೆ ಒಂದು ಬಲ್ಬು ಸುಮಾರು 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟಿನದು 8 ದಾಟುತ್ತದೆ, ಎರಡೂ ಸೇರಿ 16ರ ಮೇಲೆ. ಅದೇ ಸಪೂರ ವೈರು, ಅದೇ ಸ್ವಿಚ್ಚು, ಅದೇ ಪ್ಲಾಸ್ಟಿಕ್ ಕಪ್ಲರ್. ಬಿಸಿಯಾಗಿ ಕರಗದೆ ಇನ್ನೇನು ಮಾಡುತ್ತದೆ?

ಈಗ ಮುಖ್ಯ ವಿಷಯ. ಒಂದು ಮಲ್ಟಿಮೀಟರ್ ತಗೊಳ್ಳಿ. ಎಂಜಿನ್ ಓಡುತ್ತಿರಬೇಕು, ಲೈಟ್ ಆನ್ ಇರಬೇಕು. ಮೊದಲು ಬ್ಯಾಟರಿ ಮೇಲೆ ಅಳೆಯಿರಿ, 14ರ ಆಸುಪಾಸು ಬರುತ್ತದೆ. ಆಮೇಲೆ ಬಲ್ಬಿನ ಕಪ್ಲರ್ ಹಿಂದಿನಿಂದ ಅಳೆಯಿರಿ. ಅಲ್ಲಿ 12.5 ಬಂದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಯಿತು ಅಂತ ಅರ್ಥ. ಹ್ಯಾಲೊಜೆನ್ ಬಲ್ಬಿನ ಗುಣ ಏನೆಂದರೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಹೆಚ್ಚುಕಮ್ಮಿ ಶೇ. 30 ಇಳಿಯುತ್ತದೆ. ಹತ್ತಕ್ಕೆ ಹತ್ತಲ್ಲ, ಮೂವತ್ತು. ನಿಮ್ಮ 100 ವ್ಯಾಟ್ ಬಲ್ಬಿನ ಬೆಳಕು ಹೋಗಿದ್ದೇ ಅಲ್ಲಿ.

ಆ ಬಲ್ಬ್ ತೆಗೆಯಿರಿ. ಒಳ್ಳೇ ಕಂಪನಿಯ 60/55 ಹಾಕಿ. ಜೊತೆಗೆ ರಿಲೇ ಹಾರ್ನೆಸ್ ಹಾಕಿ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಿನಲ್ಲಿ ಬಲ್ಬಿಗೆ ಕರೆಂಟ್ ಹೋಗುತ್ತದೆ, ಹಳೇ ವೈರ್ ಸುಮ್ನೆ ರಿಲೇ ಆನ್ ಮಾಡುವ ಕೆಲಸ ಮಾತ್ರ ಮಾಡುತ್ತದೆ. ಹೋಲ್ಡರ್ ಪಿಂಗಾಣಿಯದು ಇರಲಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ, ಗೇಣು ದೂರದೊಳಗೆ ಇರಬೇಕು. ಅರ್ಥ್ ವೈರನ್ನು ಕಾರಿನ ಬಾಡಿಗೆ ಬಿಗಿಯುವ ಕಡೆ ಪೇಂಟ್ ಕೆರೆದು ಬಿಗಿಯಿರಿ.

ಜೆಸಿ ರೋಡ್ ಗಿರಾಕಿ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲವು ಜಪಾನಿ ಮೂಲದ ಕಾರುಗಳಲ್ಲಿ ಹೆಡ್‌ಲೈಟ್ ಸ್ವಿಚ್ ಮೈನಸ್ ಕಡೆ ಇರುತ್ತದೆ. ಬಲ್ಬಿಗೆ ಪ್ಲಸ್ ಯಾವಾಗಲೂ ಬರುತ್ತಿರುತ್ತದೆ. ನಿಮ್ಮದು ಹೇಗಿದೆ ಅಂತ ಮಲ್ಟಿಮೀಟರಿನಲ್ಲಿ ನೋಡಿಕೊಂಡೇ ಹಾರ್ನೆಸ್ ಕೊಳ್ಳಿ. ಇಲ್ಲದಿದ್ದರೆ ಹೈ ಬೀಮ್ ಹಾಕಿದರೆ ಡಿಮ್ ಬರುತ್ತದೆ, ಡಿಮ್ ಹಾಕಿದರೆ ಏನೂ ಬರುವುದಿಲ್ಲ, ತಲೆ ಕೆಟ್ಟುಹೋಗುತ್ತದೆ.

ಬೆಂಗಳೂರಿಗೆ ಬಂದರೆ ಜೆಸಿ ರೋಡಿನಲ್ಲಿ ಇದೆಲ್ಲ ಸಿಗುತ್ತದೆ. ಆದರೆ ವೈರ್ ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪ್ಲಾಸ್ಟಿಕ್ ದಪ್ಪ, ಒಳಗೆ ನಾಲ್ಕು ಎಳೆ ತಾಮ್ರ, ಆ ಥರದ್ದೂ ಮಾರುತ್ತಾರೆ. ತುದಿ ಸುಲಿದು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಪಕ್ಕದ ಅಂಗಡಿ.

ಕಡಲ ಕಾರು
ಗ್ಲಾಸ್ ಹಳದಿ ಆಗಿರುವುದಕ್ಕೆ ಟೂತ್‌ಪೇಸ್ಟ್ ಹಾಕಬೇಡಿ ಮಾರಾಯ್ರೆ. ಎಲ್ಲ ವಿಡಿಯೋದಲ್ಲಿ ಅದನ್ನೇ ತೋರಿಸುತ್ತಾರೆ. ಕೆಲವೇ ದಿನ ಚಂದ, ಆಮೇಲೆ ಮೊದಲಿಗಿಂತ ಜಾಸ್ತಿ ಹಳದಿ. ಅದು ಗ್ಲಾಸೂ ಅಲ್ಲ, ಪಾಲಿಕಾರ್ಬೊನೇಟ್. ಮೇಲಿನ ಯುವಿ ಕೋಟಿಂಗ್ ಹೋಗಿರುತ್ತದೆ. ಸುತ್ತ ಪೇಂಟಿಗೆ ಟೇಪ್ ಅಂಟಿಸಿ. 1000 ನಂಬರ್ ವಾಟರ್ ಪೇಪರ್, ಆಮೇಲೆ 2000. ನೀರು ಬಿಡುತ್ತಲೇ ಉಜ್ಜಬೇಕು. ಮೊದಲು ಹಾಲಿನ ಥರ ಬಿಳಿ ನೀರು ಇಳಿಯುತ್ತದೆ, ಇಡೀ ಲೈಟ್ ಮಬ್ಬಾಗುತ್ತದೆ, ಆಗ ಎದೆ ಧಸಕ್ ಅನ್ನುತ್ತದೆ. ಹೆದರಬೇಡಿ. ಕಾಂಪೌಂಡ್ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ. ಕೊನೆಗೆ ಯುವಿ ಕೋಟಿಂಗ್ ಹಾಕಲೇಬೇಕು, ಅದಿಲ್ಲದಿದ್ದರೆ ಮಾಡಿದ ಕೆಲಸ ನೀರಿಗೆ.

ರಾತ್ರಿ ಪಾಳಿ
ಲೈಟಿನ ಕೋನ ಯಾರೂ ಹೇಳಲಿಲ್ಲ. ಸಮತಟ್ಟು ಜಾಗದಲ್ಲಿ ಗೋಡೆಗೆ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಹೆಡ್‌ಲೈಟ್ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು. ಟೈರಿಗೆ ಗಾಳಿ ಸರಿಯಾಗಿ ಹಾಕಿರಿ, ಸೀಟಿನಲ್ಲಿ ಒಬ್ಬರು ಕೂತಿರಲಿ. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದರೆ ಮೂತಿ ಮೇಲೇಳುತ್ತದೆ, ಆಗ ಲೈಟ್ ಇಳಿಸುವ ಗುಂಡಿ ತಿರುಗಿಸಿ. ಆ ಗುಂಡಿ ಯಾಕಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಚಾರ್ಮಾಡಿ ಚಾಲಕ
ಮಂಜಿಗೆ ಹೆಡ್‌ಲೈಟ್ ಎಷ್ಟು ದೊಡ್ಡದು ಹಾಕಿದರೂ ಪ್ರಯೋಜನ ಇಲ್ಲ. ನಾನು ಚಾರ್ಮಾಡಿ, ಶಿರಾಡಿ ಎರಡರಲ್ಲೂ ಓಡಾಡುವವನು. ಬಂಪರ್ ಕೆಳಗಿನ ಫಾಗ್ ಲ್ಯಾಂಪ್ ಬೆಳಕು ಅಗಲವಾಗಿ, ನೆಲಕ್ಕೆ ಹತ್ತಿರ ಹೋಗುತ್ತದೆ, ಗೆರೆ ಕಾಣುತ್ತದೆ. ಹೈ ಬೀಮ್ ಹಾಕಿದಿರೋ, ಎದುರಿಗೆ ಬಿಳಿ ಗೋಡೆ. ವಿಎಕ್ಸ್‌ಐ ಬಂಪರಿನಲ್ಲಿ ಫಾಗ್ ಲ್ಯಾಂಪ್ ಜಾಗ ಮುಚ್ಚಿರುತ್ತದೆ, ಮುಚ್ಚಳ ತೆಗೆದು ಮೇಲಿನ ವೇರಿಯಂಟಿನ ಲ್ಯಾಂಪ್ ಕೂರಿಸಬಹುದು. ಹಳದಿ ಇರಲಿ. ಮತ್ತೆ ಒಳಗಿನ ಗಾಜು ಒರೆಸಿ. ಅರ್ಧ ಮಂಜು ಒಳಗೇ ಇರುತ್ತದೆ. ಎಸಿ ಹಾಕಿ, ಗಾಳಿ ಮುಂದಿನ ಗಾಜಿಗೆ ಬಿಡಿ, ರಿಸರ್ಕ್ಯುಲೇಶನ್ ಆಫ್ ಮಾಡಿ.

ಬಂಪರ್ ಬೆಂಗಳೂರು
ಹಳದಿ ಬೆಳಕು ಮಂಜು ಸೀಳುತ್ತದೆ ಅನ್ನುವುದು ಸುಳ್ಳು ಅಂತ ಓದಿದ್ದೇನೆ.

ಗ್ಯಾರೇಜ್ ಮೇಷ್ಟ್ರು
ಈ ಸಲ ನೀವು ಅರ್ಧ ಸರಿ. ಮಂಜಿನ ಹನಿ ದೊಡ್ಡದು, ಅದಕ್ಕೆ ಬಣ್ಣದ ಭೇದ ಇಲ್ಲ. ಹಳದಿ ಸೀಳುವುದೇನೂ ಇಲ್ಲ. ಆದರೆ ನೀಲಿ ಕಮ್ಮಿ ಇರುವುದರಿಂದ ಕಣ್ಣಿಗೆ ಹಿತ, ಕುಕ್ಕುವುದಿಲ್ಲ. ನಿಜವಾದ ಲಾಭ ಬರುವುದು ಲ್ಯಾಂಪ್ ಇರುವ ಎತ್ತರದಿಂದ.

ತೀರ್ಥಹಳ್ಳಿ ಸ್ವಿಫ್ಟ್
ಲೈಟಿನ ದಾರಿ ಸಿಕ್ಕಿತು, ಥ್ಯಾಂಕ್ಸ್. ಸ್ಟೇರಿಂಗ್ ನಡುಕಕ್ಕೆ ಏನು ಮಾಡಲಿ? ಬ್ರೇಕ್ ಹಿಡಿದಾಗ ಬರುವುದಿಲ್ಲ. ಸುಮ್ನೆ ಓಡಿಸುವಾಗ ಮಾತ್ರ.

ಮಿಲೇಜ್ ಮಾಮ
205/65 ಹಾಕಿ ನೋಡಿ, ಕಾರು ಹಡಗಿನ ಹಾಗೆ ತೇಲುತ್ತದೆ. ನಡುಕವೂ ಗೊತ್ತಾಗುವುದಿಲ್ಲ.

ಜೆಸಿ ರೋಡ್ ಗಿರಾಕಿ
ಮಾಮ, ತೇಲುವುದು ನಿಜ, ಆಮೇಲೆ ಫೆಂಡರಿಗೆ ತಾಗುತ್ತದೆ. ಅವರ ಕಾರಿನ ಮೂಲ ಟೈರು 165/80 ಆರ್14, ಅಡ್ಡಳತೆ ಸುಮಾರು 620 ಮಿ.ಮೀ. ಮೇಲಿನ ವೇರಿಯಂಟಿನ 185/65 ಆರ್15 ಕೂಡ 621ರ ಹತ್ತಿರ. ಈಗಿರುವ 195/60 ಆರ್15 ಲೆಕ್ಕಕ್ಕೆ 615. ಇದೆಲ್ಲ ಓಕೆ. ನೀವು ಹೇಳಿದ ಸೈಜು 647. ಸ್ಪೀಡೋಮೀಟರ್ ಶೇ. 4ಕ್ಕಿಂತ ಜಾಸ್ತಿ ಕಮ್ಮಿ ತೋರಿಸುತ್ತದೆ, ಪಿಕಪ್ ಸಾಯುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತದೆ.

ಹುಬ್ಬಳ್ಳಿ ಪಾನಾ
ತೀರ್ಥಹಳ್ಳಿ ಸಾಹೇಬ್ರ, ಬ್ರೇಕ್ ಹಿಡಿದಾಗ ಬರೋದಿಲ್ಲ ಅಂದ್ರ ಡಿಸ್ಕ್ ಅಲ್ಲ. ಒಂದು ಸ್ಪೀಡ್‌ನಾಗ ಬಂದು ಮುಂದೆ ಹೋಗ್ತದ ಅಂದ್ರ ಚಕ್ರದ್ದೇ. ಮುಂದಿನ ಎರಡು ಚಕ್ರ ಹಿಂದಕ್ಕ ಹಾಕ್ರಿ, ಹಿಂದಿನವು ಮುಂದಕ್ಕ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂತು ಅಂದ್ರ ಕಳ್ಳ ಸಿಕ್ಕ. ರೊಕ್ಕ ಖರ್ಚಿಲ್ಲದ ಪರೀಕ್ಷಾ.

ಮ್ಯೂನಿಕ್ ಮಂಡ್ಯ
ಅಲಾಯ್ ನಡುವಿನ ತೂತು ಅಳೆದಿದ್ದೀರಾ? ಸ್ವಿಫ್ಟಿನ ಹಬ್, ಅಂದರೆ ಆ ತೂತು ಕೂರುವ ನಡುವಿನ ಉಬ್ಬು, 54.1 ಮಿ.ಮೀ. ಮಾರ್ಕೆಟ್ಟಿನಲ್ಲಿ ಸಿಗುವ ಅಲಾಯ್ ಎಲ್ಲ ಕಾರಿಗೂ ಆಗಲಿ ಅಂತ 67 ಅಥವಾ 73 ಮಿ.ಮೀ. ತೂತು ಇಟ್ಟಿರುತ್ತಾರೆ. ನಡುವೆ ಗ್ಯಾಪ್. ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ರಿಮ್ಮನ್ನು ಆ ತೂತಿನ ಮೂಲಕ ಕೋನ್ ಹಾಕಿ ಕೂರಿಸುತ್ತಾರೆ, ಅಲ್ಲಿ ಸೊನ್ನೆ ತೋರಿಸುತ್ತದೆ. ಕಾರಿಗೆ ಹಾಕಿದಾಗ ನಟ್ಟು ಒಂದು ಕಡೆ ಮೊದಲು ಬಿಗಿದರೆ ಕೂದಲೆಳೆಯಷ್ಟು ಸರಿದು ಕೂರುತ್ತದೆ. ಆ ಗ್ಯಾಪ್ ತುಂಬಲು ಹಬ್ ರಿಂಗ್ ಅಂತ ಸಿಗುತ್ತದೆ.

ಇಲ್ಲಿ ಜರ್ಮನಿಯಲ್ಲಿ ಬೇರೆ ಅಲಾಯ್ ಹಾಕಿದರೆ ಅದಕ್ಕೆ ಕಾಗದಪತ್ರ ಇರಲೇಬೇಕು. ಎರಡು ವರ್ಷಕ್ಕೊಮ್ಮೆ ಟ್ಯೂಫ್ ತಪಾಸಣೆಯಲ್ಲಿ ಅದನ್ನೂ ಕೇಳುತ್ತಾರೆ. ಸುಮ್ನೆ ಶೋಕಿಗೆ ಹಾಕಿಕೊಂಡು ಓಡಾಡುವ ಹಾಗಿಲ್ಲ.

ಮಿಲೇಜ್ ಮಾಮ
ರಿಂಗ್ ಎಲ್ಲ ವೇಸ್ಟ್. ನಟ್ಟು ಕೋನ್ ಆಕಾರದಲ್ಲಿ ಇರುತ್ತದೆ, ಅದೇ ರಿಮ್ಮನ್ನು ನಡುವಿಗೆ ತರುತ್ತದೆ. ನಮ್ಮ ಮನೆಯ ಕಾರಿಗೆ ರಿಂಗ್ ಇಲ್ಲ, ನಡುಕವೂ ಇಲ್ಲ.

ಮ್ಯೂನಿಕ್ ಮಂಡ್ಯ
ಸರಿಯಾಗಿ ಬಿಗಿದರೆ ತರುತ್ತದೆ, ಒಪ್ಪಿದೆ. ಪಂಚರ್ ಅಂಗಡಿಯಲ್ಲಿ ಕಾರು ನೆಲದ ಮೇಲಿರುವಾಗಲೇ ಗಾಳಿ ಗನ್ ಹಿಡಿದು ಟರ್‍ರ್ ಅಂತ ಒಂದರ ಪಕ್ಕ ಒಂದು ಬಿಗಿದರೆ ಎಲ್ಲಿಂದ ತರುತ್ತದೆ? ಚಕ್ರ ಗಾಳಿಯಲ್ಲಿರುವಾಗ ಎದುರುಬದುರು ನಟ್ಟು ಕೈಯಲ್ಲಿ ಬಿಗಿದು, ಆಮೇಲೆ ಕೆಳಗಿಳಿಸಿ ಟಾರ್ಕ್ ರೆಂಚಿನಲ್ಲಿ 85 ನ್ಯೂಟನ್ ಮೀಟರ್. ನಿಮ್ಮ ಪಂಚರ್ ಅಂಗಡಿಯವನು ಹಾಗೆ ಮಾಡುತ್ತಾನಾ ಮಾಮ?

ಮಿಲೇಜ್ ಮಾಮ
ನಮ್ಮವನು ಕಾಲಲ್ಲಿ ತುಳಿದು ಬಿಗಿಯುತ್ತಾನೆ 😄

ಗ್ಯಾರೇಜ್ ಮೇಷ್ಟ್ರು
ಚಕ್ರ ಬಿಚ್ಚುವ ಮಾತು ಬಂತು, ಇದನ್ನು ಹೇಳದೆ ಇರಲಾರೆ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಯಾರೂ ಅಡಿಗೆ ಹೋಗಬಾರದು. ಕೈ ಕೂಡ ಹಾಕಬಾರದು. ಜಾಕ್ ಸ್ಟ್ಯಾಂಡ್ ಜೋಡಿ ತಗೊಳ್ಳಿ. ಅಂಗಳ ಮಣ್ಣಿನದಾದರೆ ಅಡಿಗೆ ದಪ್ಪ ಹಲಗೆ ಹಾಕಿ. ಮಲೆನಾಡಿನಲ್ಲಿ ಜಂಬಿಟ್ಟಿಗೆ ಕಲ್ಲು ಕೊಡುವುದನ್ನು ಕಣ್ಣಾರೆ ನೋಡಿದ್ದೇನೆ, ಸಿಮೆಂಟ್ ಬ್ಲಾಕ್ ಕೂಡ. ಎರಡೂ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತವೆ. ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಎದುರು ಚಕ್ರಕ್ಕೆ ಅಡ್ಡಗಲ್ಲು. ಆಮೇಲೆ ಕೆಲಸ.

ಕಡಲ ಕಾರು
ಚಕ್ರ ಬಿಚ್ಚಿದಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ. ಸೆಕೆಂಡ್ ಹ್ಯಾಂಡ್ ಕಾರಿನ ಟೈರ್ ನೋಡಲು ಹೊಸದಿದ್ದರೂ ವಯಸ್ಸಾಗಿರುತ್ತದೆ. ಹಲ್ಲು 1.6 ಮಿ.ಮೀ.ಗಿಂತ ಕಮ್ಮಿ ಇದ್ದರೆ ಕಾನೂನು ಪ್ರಕಾರವೂ ತಪ್ಪು, ಆಗುಂಬೆ ಮಳೆಗಂತೂ 3 ಇದ್ದರೂ ನನಗೆ ಧೈರ್ಯ ಸಾಲದು.

ಇಲಿ ಕಾಟ
ಎಲ್ಲರೂ ದೊಡ್ಡ ದೊಡ್ಡ ವಿಷಯ ಮಾತಾಡುತ್ತಿದ್ದೀರಿ. ನನ್ನ ಕಾರಿನ ವೈರ್ ಇಲಿ ತಿಂದಿದೆ, ಅದಕ್ಕೆ ಯಾರಾದರೂ ಮದ್ದು ಹೇಳಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಬಾನೆಟ್ ತೆಗೆದರೆ ಬ್ಯಾಟರಿ ಮೇಲೆ ಅರ್ಧ ಚಪಾತಿ, ಕಡಲೆಕಾಯಿ ಸಿಪ್ಪೆ, ಯಾರದೋ ಮನೆಯ ಕರ್ಟನ್ ತುಂಡು. ಸಂಸಾರ ಹೂಡಿಬಿಟ್ಟಿದೆ.

ಬಂಪರ್ ಬೆಂಗಳೂರು
ಬಾಡಿಗೆ ಕೇಳಿ.

ಹುಬ್ಬಳ್ಳಿ ಪಾನಾ
ಹೊಗೆಸೊಪ್ಪು ಕಟ್ರಿ. ಸಣ್ಣ ಬಟ್ಟೆ ಗಂಟಿನಾಗ ಕಟ್ಟಿ ಬ್ಯಾಟರಿ ಹತ್ರ, ಫೈರ್‌ವಾಲ್ (ಎಂಜಿನ್, ಕ್ಯಾಬಿನ್ ನಡುವಿನ ತಗಡು) ಹತ್ರ. ವಾಸನಿ ಹೋದ ಕೂಡಲೇ ಬದಲಿ ಮಾಡ್ರಿ. ಎಕ್ಸಾಸ್ಟ್ ಹತ್ರ ಮಾತ್ರ ಬ್ಯಾಡ.

ಜೆಸಿ ರೋಡ್ ಗಿರಾಕಿ
ಡಾಂಬರ್ ಗುಳಿಗೆ, ಹೊಗೆಸೊಪ್ಪು, ಸ್ಪ್ರೇ ಎಲ್ಲವೂ ಸ್ವಲ್ಪ ದಿನ. ಗ್ಯಾರಂಟಿ ಕೆಲಸ ಮಾಡುವುದು ಕಾರು ದಿನಾ ಓಡಿಸುವುದು, ಇಲ್ಲ ರಾತ್ರಿ ಬಾನೆಟ್ ಎತ್ತಿ ಇಡುವುದು. ಇಲಿಗೆ ಕತ್ತಲು, ಬಿಸಿ, ಇಕ್ಕಟ್ಟು ಬೇಕು. ಬಾನೆಟ್ ತೆರೆದರೆ ಮೂರೂ ಇಲ್ಲ. ಎಸಿ ಗಾಳಿ ಒಳಗೆ ಬರುವ ಜಾಗಕ್ಕೆ ಸ್ಟೀಲ್ ಜಾಲರಿ ಹಾಕಿಸಿ, ಕ್ಯಾಬಿನ್ ಒಳಗೆ ಸತ್ತರೆ ಆ ನಾತ ಹೋಗುವುದಿಲ್ಲ.

ಮಿಲೇಜ್ ಮಾಮ
ಅದೆಲ್ಲ ಇರಲಿ, ಎಥೆನಾಲ್ ಪೆಟ್ರೋಲ್ ಬಂದ ಮೇಲೆ ಯಾರಿಗೆಲ್ಲ ಮಿಲೇಜ್ ಇಳಿದಿದೆ? ನನಗಂತೂ ಇಳಿದಿದೆ. ಹಳೇ ಕಾರುಗಳ ಗತಿ ಏನು?

ರಾತ್ರಿ ಪಾಳಿ
ಶುರುವಾಯಿತು.

ಗ್ಯಾರೇಜ್ ಮೇಷ್ಟ್ರು
ಇಳಿಯಲೇಬೇಕು, ಅದರಲ್ಲಿ ಗುಟ್ಟೇನಿಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಶೇ. 20 ಬೆರೆಸಿದರೆ ಲೆಕ್ಕಕ್ಕೆ ಶೇ. 6ರಿಂದ 7 ಕಮ್ಮಿ, ಅದೂ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ. ಮೊದಲೇ ಶೇ. 10 ಬೆರೆತದ್ದು ಹಾಕುತ್ತಿದ್ದಿರಿ, ಹಾಗಾಗಿ ವ್ಯತ್ಯಾಸ ಅದರ ಅರ್ಧ. ಅದಕ್ಕಿಂತ ತುಂಬಾ ಜಾಸ್ತಿ ಇಳಿದಿದ್ದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈರಿನ ಗಾಳಿ, ಜಾಮ್ ಆದ ಬ್ರೇಕ್ ನೋಡಿ. ಎಲ್ಲದಕ್ಕೂ ಎಥೆನಾಲ್ ಮೇಲೆ ಗೂಬೆ ಕೂರಿಸಬೇಡಿ.

ಹಳೇ ಕಾರಿನವರು ಗಮನಿಸಬೇಕಾದದ್ದು ರಬ್ಬರ್. ಇ20ಗೆ, ಅಂದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ, ತಕ್ಕ ರಬ್ಬರ್, ಸೀಲ್ ಎಲ್ಲ ಬಂದಿದ್ದು 2023ರ ಏಪ್ರಿಲ್ ಆದಮೇಲಿನ ಕಾರುಗಳಿಗೆ. ಪೆಟ್ರೋಲ್ ಪೈಪ್ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಬಾನೆಟ್ ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಬರುತ್ತದೆಯಾ ನೋಡುತ್ತಿರಿ. ಇನ್ನು, ಎಥೆನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ಅರ್ಧ ಟ್ಯಾಂಕ್ ಬಿಡಬೇಡಿ.

ಮ್ಯೂನಿಕ್ ಮಂಡ್ಯ
ಇ20ಗೆ ಚಾಲನೆ ಕೊಟ್ಟಿದ್ದೇ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ. ನಮ್ಮ ಕಡೆ ಕಬ್ಬು ಬೆಳೆಯುವವರಿಗೆ ಒಳ್ಳೆಯದಾದರೆ ಆಗಲಿ ಬಿಡಿ ಮಾಮ.

ಮಿಲೇಜ್ ಮಾಮ
ನೀವು ಮ್ಯೂನಿಕ್‌ನಲ್ಲಿ ಕೂತು ಹೇಳುತ್ತೀರಿ. ಇಲ್ಲಿ ಬಂಕಿನಲ್ಲಿ ದುಡ್ಡು ಕಟ್ಟುವವನು ನಾನು.

ಪೊನ್ನಂಪೇಟೆ ಪೋಲೊ
ಆಯಿಲ್ ಬದಲಾಯಿಸುವುದು ಮನೆಯಲ್ಲೇ ಮಾಡಬಹುದಾ ಅಂತ ಶೀರ್ಷಿಕೆಯಲ್ಲಿ ಇತ್ತು ಅಂದುಕೊಂಡು ಬಂದೆ. ನಾನು ಮಾಡುತ್ತೇನೆ. ಎಂಜಿನ್ ಸ್ವಲ್ಪ ಬಿಸಿ ಇರುವಾಗ ಇಳಿಸಿದರೆ ಪೂರ್ತಿ ಇಳಿಯುತ್ತದೆ, ಕುದಿಯುವಷ್ಟು ಬಿಸಿ ಬೇಡ. ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಫಿಲ್ಟರ್ ರಬ್ಬರಿಗೆ ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿಯಿರಿ. ಸ್ವಿಫ್ಟ್ 1.2ಗೆ ಫಿಲ್ಟರ್ ಸೇರಿ 3 ಲೀಟರಿಗಿಂತ ಚೂರು ಮೇಲೆ ಹಿಡಿಯುತ್ತದೆ. ಒಮ್ಮೆಲೇ ಸುರಿಯಬೇಡಿ, ಡಿಪ್‌ಸ್ಟಿಕ್ ನೋಡುತ್ತಾ ಹಾಕಿ. ಗ್ರೇಡ್ ಮ್ಯಾನುಯಲ್‌ನಲ್ಲಿ ಇರುವುದೇ. ಗಟ್ಟಿ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿಯಾಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಹಳೇ ಆಯಿಲನ್ನು ತೋಟದ ಬೇಲಿ ಗೂಟಕ್ಕೆ ಬಳಿಯುತ್ತೇನೆ, ಗೆದ್ದಲು ಬರುವುದಿಲ್ಲ.

ಕಡಲ ಕಾರು
ಗೂಟಕ್ಕೆ ಬಳಿಯುವುದು ನಮ್ಮಲ್ಲೂ ಇತ್ತು, ಆದರೆ ಬಿಡಿ ಮಾರಾಯ್ರೆ. ಮಳೆ ಬಂದರೆ ಅದೆಲ್ಲ ಮಣ್ಣಿಗೆ, ಅಲ್ಲಿಂದ ಬಾವಿಗೆ. ಡಬ್ಬಕ್ಕೆ ತುಂಬಿಸಿ ಗ್ಯಾರೇಜಿಗೆ ಕೊಟ್ಟರೆ ಅವರು ಹಳೇ ಆಯಿಲ್ ಕೊಳ್ಳುವವರಿಗೆ ಕೊಡುತ್ತಾರೆ. ಕೂಲೆಂಟ್ ಅಂತೂ ಅಂಗಳಕ್ಕೆ ಚೆಲ್ಲಲೇಬೇಡಿ. ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ.

ಪೊನ್ನಂಪೇಟೆ ಪೋಲೊ
ಬಾವಿ ಯೋಚನೆ ನಾನು ಮಾಡಿರಲಿಲ್ಲ. ಆದರೂ ಗೂಟದ ಮೇಲೆ ನಾಲ್ಕು ಹನಿ ಬಳಿದರೆ ಬಾವಿ ಕೆಡುತ್ತದಾ? ಇಡೀ ಡಬ್ಬ ಚರಂಡಿಗೆ ಚೆಲ್ಲುವ ಗ್ಯಾರೇಜುಗಳು ಎಷ್ಟಿಲ್ಲ.

ತೀರ್ಥಹಳ್ಳಿ ಸ್ವಿಫ್ಟ್
ಅಪ್‌ಡೇಟ್. ಹುಬ್ಬಳ್ಳಿಯವರು ಹೇಳಿದ ಹಾಗೆ ಚಕ್ರ ಹಿಂದೆ ಮುಂದೆ ಮಾಡಿದೆ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂತು. ಅಲಾಯ್ ತೂತು ವರ್ನಿಯರ್‌ನಲ್ಲಿ ಅಳೆದೆ, 73.1. ಹಬ್ 54.1. ಮಂಡ್ಯದವರ ಲೆಕ್ಕ ಸರಿ. ರಿಂಗ್ ತರಿಸಿ ಹಾಕಿದೆ, ಮುಕ್ಕಾಲು ಭಾಗ ಹೋಯಿತು. ಉಳಿದ ಕಾಲು ಭಾಗಕ್ಕೆ ಬೇರೆ ಟೈರ್ ಅಂಗಡಿಯಲ್ಲಿ ನೋಡಿಸಿದರೆ ಒಂದು ರಿಮ್ ಒಳಗಿನ ಅಂಚಿನಲ್ಲಿ ಸೊಟ್ಟಗಿದೆ. ಹೊರಗಿನಿಂದ ಕಾಣುವುದೇ ಇಲ್ಲ. ಸದ್ಯಕ್ಕೆ ಹಳೇ ಸ್ಟೀಲ್ ರಿಮ್ ನಾಲ್ಕು ಹುಡುಕಿ ಹಾಕಿದ್ದೇನೆ, 165/80 ಟೈರಿನ ಜೊತೆ. ಗುಂಡಿಯಲ್ಲಿ ಇಳಿದರೂ ಮೆತ್ತಗಿದೆ.

ಲೈಟಿಗೆ ಬ್ಯಾಟರಿಯಲ್ಲಿ 14.1, ಎಡ ಬಲ್ಬಿನಲ್ಲಿ 12.2 ಇತ್ತು. ರಿಲೇ ಹಾಕಿದ ಮೇಲೆ 13.8. ಈಗ ಇರುವುದು ಮೇಷ್ಟ್ರು ಹೇಳಿದ 60/55 ಬಲ್ಬು. ಲೆನ್ಸ್ ಕೂಡ ಉಜ್ಜಿದೆ. ವ್ಯತ್ಯಾಸ ಹೇಳಿದರೆ ನಂಬುವುದಿಲ್ಲ.

ಬಂಪರ್ ಬೆಂಗಳೂರು
ಸೊಟ್ಟ ಇಲ್ಲದ ಮೂರು ಅಲಾಯ್ ಏನು ಮಾಡುತ್ತೀರಿ?

ತೀರ್ಥಹಳ್ಳಿ ಸ್ವಿಫ್ಟ್
ಇನ್ನೊಂದು ತಗೊಂಡು ನಾಲ್ಕು ಮಾಡಿ ಅಂತ ಹೇಳಿ ಮನೆಯಲ್ಲಿ ಬೈಸಿಕೊಳ್ಳುವ ಆಸೆ ಇಲ್ಲ 😄 ಬೇಕಿದ್ದರೆ ಮೆಸೇಜ್ ಮಾಡಿ. ಸ್ಪೀಕರ್ ಬಗ್ಗೆ ಬೇರೆ ಕೇಳುತ್ತೇನೆ.

ಗ್ಯಾರೇಜ್ ಮೇಷ್ಟ್ರು
ಸ್ಪೀಕರಿಗೆ ಮೊದಲು ಆ ಹಳೇ ಸಬ್‌ವೂಫರ್ ವೈರ್ ಬಿಚ್ಚಿ ತೆಗೆಯಿರಿ. ಒಂದು ತುದಿ ಇನ್ನೂ ಬ್ಯಾಟರಿಗೆ ಸೇರಿದ್ದು, ಇನ್ನೊಂದು ತುದಿ ಡಿಕ್ಕಿ ಕಾರ್ಪೆಟ್ ಅಡಿಯಲ್ಲಿ ಬರಿದಾಗಿ ಬಿದ್ದಿದ್ದರೆ ಬೆಂಕಿಗೆ ಅದೇ ಸಾಕು. ಮೈನಸ್ ಟರ್ಮಿನಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಸಕಲೇಶಪುರ ಆಲ್ಟೊ
ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡಿ. ಮುಂದಿನ ಎಡ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ ಆಗುತ್ತಿದೆ. ಮಳೆಯದಾ, ಎಸಿಯದಾ ಗೊತ್ತಾಗುತ್ತಿಲ್ಲ.

ಕಡಲ ಕಾರು
ಮೂರು ಸಾಧ್ಯತೆ. ಬೆರಳಲ್ಲಿ ಮುಟ್ಟಿ ನೋಡಿ. ಅಂಟಂಟಾಗಿ ಸಿಹಿ ವಾಸನೆ ಬಂದರೆ ಹೀಟರ್‌ನಿಂದ ಕೂಲೆಂಟ್ ಸೋರುತ್ತಿದೆ, ತಡ ಮಾಡದೆ ಗ್ಯಾರೇಜಿಗೆ ಹೋಗಿ. ಬರೀ ನೀರಾಗಿದ್ದು ಎಸಿ ಹಾಕಿದ ದಿನ ಮಾತ್ರ ಬಂದರೆ ಎಸಿ ಡ್ರೈನ್ ಪೈಪ್ ಕಟ್ಟಿದೆ. ಎಸಿ ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕದಿದ್ದರೆ ಅದೇ. ಮಳೆ ದಿನ ಬಂದರೆ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದು ನೋಡಿ, ಎಲೆ ಕೊಳೆತು ತೂತು ಮುಚ್ಚಿರುತ್ತದೆ. ಬಾಗಿಲಿನ ಕೆಳ ಅಂಚಿನಲ್ಲೂ ಸಣ್ಣ ತೂತು ಇರುತ್ತವೆ. ಹಿಡಿಸೂಡಿ ಕಡ್ಡಿ ಒಂದು ತಗೊಂಡು ಮೆಲ್ಲ ಚುಚ್ಚಿ. ನನ್ನ ಕಾರಿನಲ್ಲಿ ಚುಚ್ಚಿದ ಕೂಡಲೇ ಕಪ್ಪು ಕೆಸರು, ಆಮೇಲೆ ಲೋಟದಷ್ಟು ನೀರು ಸುರಿಯಿತು. ಅಷ್ಟು ನೀರು ಬಾಗಿಲ ಒಳಗೆ ನಿಂತರೆ ತುಕ್ಕು ಹಿಡಿಯದೆ ಇರುತ್ತದಾ?

ಸಕಲೇಶಪುರ ಆಲ್ಟೊ
ವೈಪರ್ ಕೆಳಗೆ ಸಿಲ್ವರ್ ಓಕ್ ಎಲೆ ಒಂದು ಬುಟ್ಟಿ ಸಿಕ್ಕಿತು. ಕಾರ್ಪೆಟ್ ಎತ್ತಿ ಒಣಗಿಸಲು ಬಿಸಿಲಿಗೆ ಕಾಯುತ್ತಿದ್ದೇನೆ.

ಚಾರ್ಮಾಡಿ ಚಾಲಕ
ಸಕಲೇಶಪುರದಲ್ಲಿ ಈ ತಿಂಗಳು ಬಿಸಿಲಾ? ಒಲೆ ಪಕ್ಕ ಹಾಕಿ.